ಹುಬ್ಬು ಉದುರಿದ ವರ್ಷಗಳು

ಸುರಪುರದ ಬೇಸಿಗೆಯಲ್ಲಿ ನನಗೆ ಚಳಿಯಾಗುತ್ತಿತ್ತು. ಇದನ್ನು ಹೇಳಿದರೆ ನಮ್ಮ ಕಡೆಯವರು ಇವತ್ತಿಗೂ ನಗುತ್ತಾರೆ. ಹೊತ್ತು ನೆತ್ತಿಗೆ ಬಂದ ಮೇಲೆ ಅಂಗಳದ ಪರಸಿ ಕಲ್ಲಿನ ಮೇಲೆ ಬರಿಗಾಲು ಇಡಲಾಗದ ಊರು ಅದು. ರಂಗಂಪೇಟೆಯ ನಮ್ಮ ಓಣಿಯಲ್ಲಿ ಎಮ್ಮೆಗಳು ಕೂಡ ಗೋಡೆಯ ನೆರಳು ಸರಿದ ಹಾಗೆ ತಾವೂ ಸರಿಯುತ್ತಿದ್ದವು. ನಾನು ಮಾತ್ರ ಉಣ್ಣೆಯ ಶಾಲು ಹೊದ್ದು ಅದೇ ಪರಸಿಯ ಮೇಲೆ ಕುಳಿತು ಕೂಸಿಗೆ ಹಾಲು ಕುಡಿಸುತ್ತಿದ್ದೆ. ನನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡಿ, ‘ಸಿಕಂದರಾಬಾದಿನ ಮಂದಿಗಿ ಬಿಸಲೂ ಸಾಕಾಗಂಗಿಲ್ಲೇನವಾ’ ಎಂದು ಚೇಷ್ಟೆ ಮಾಡಿದ್ದರು. ಅದು ಅವರು ನನ್ನೊಂದಿಗೆ ನಕ್ಕು ಮಾತಾಡಿದ ಕೊನೆಯ ಬೇಸಿಗೆ.

ನಿಜಾಮರ ರಾಜ್ಯ ಮುಗಿದು ಒಂದೆರಡು ವರ್ಷವಾಗಿತ್ತು. ನಮ್ಮ ಮನೆಯವರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಓದಿದ್ದೆಲ್ಲ ಉರ್ದು. ಇನ್ನು ಮುಂದೆ ಕಾಗದಪತ್ರ ಕನ್ನಡದಲ್ಲಾಗುತ್ತದಂತೆ ಎಂಬ ಸುದ್ದಿ ಕೇಳಿದಾಗಿನಿಂದ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಮೂವತ್ತು ದಾಟಿದ ಗಂಡಸು ಮಧ್ಯಾಹ್ನ ಊಟಕ್ಕೆ ಬಂದಾಗ ಪಾಟಿ ಹಿಡಿದು ಅ ಆ ತಿದ್ದುತ್ತಿದ್ದರು. ನನ್ನ ತಂದೆ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರರು. ನನ್ನನ್ನು ಅಲ್ಲಿಯ ಕಾನ್ವೆಂಟಿನಲ್ಲಿ ಮೆಟ್ರಿಕ್‌ವರೆಗೆ ಓದಿಸಿದ್ದರು. ಕನ್ನಡವನ್ನು ಮನೆಯಲ್ಲಿ ಅವರೇ ಕಲಿಸಿದ್ದರು. ಹೀಗೆ ನಮ್ಮ ಮನೆಯಲ್ಲಿ ಗಂಡನಿಗೆ ಉರ್ದು, ನನಗೆ ಇಂಗ್ಲಿಷ್, ಅತ್ತೆಗೆ ಯಾವ ಅಕ್ಷರವೂ ಇಲ್ಲ. ಈ ಮಾತು ಮುಂದೆ ಬೇಕಾಗುತ್ತದೆಂದು ಇಲ್ಲೇ ಹೇಳುತ್ತಿದ್ದೇನೆ.

ನನ್ನನ್ನು ನೋಡಲು ಬಂದ ದಿನ ಅತ್ತೆ ನನ್ನ ಓದನ್ನು ಕೇಳಿರಲಿಲ್ಲ. ಜಡೆಯನ್ನು ಕೈಯಲ್ಲಿ ಹಿಡಿದು ಮೊಳ ಹಾಕಿದ್ದರು. ಎರಡು ಮೊಳ, ಮೇಲೆ ನಾಲ್ಕು ಬೆರಳು. ಊರಿಗೆ ಬಂದು ಓಣಿಗೆಲ್ಲ ಅದನ್ನೇ ಹೇಳಿದ್ದರಂತೆ.

ಸರೋಜಾ ಹುಟ್ಟಿ ನಾಲ್ಕನೆಯ ತಿಂಗಳಿಗೆ ಕೂದಲು ಉದುರತೊಡಗಿದಾಗ ಯಾರೂ ಗಾಬರಿಯಾಗಲಿಲ್ಲ. ಕೂಸು ತಾಯಿಯ ಮುಖ ಗುರುತು ಹಿಡಿದು ನಗತೊಡಗಿದರೆ ತಾಯಿಯ ಕೂದಲು ಉದುರುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಒಳಗೊಳಗೆ ಹೆಮ್ಮೆಯೇ ಆಗಿತ್ತು. ಹಣಿಗೆಯಲ್ಲಿ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಇಡುತ್ತಿದ್ದೆ. ಸಂದಿಗಳೆಲ್ಲ ತುಂಬಿದವು. ಬಚ್ಚಲ ಮೋರಿ ಕಟ್ಟಿಕೊಂಡಿತು. ಎಂಟನೆಯ ತಿಂಗಳಿಗೆ ಜಡೆ ಇಲಿಯ ಬಾಲದಷ್ಟಾಯಿತು. ಉಳಿದ ಕೂದಲು ತೆಂಗಿನ ನಾರಿನಂತೆ ಬಿರುಸು. ಎಷ್ಟು ಎಣ್ಣೆ ಹಚ್ಚಿದರೂ ಕುಡಿಯುತ್ತಿರಲಿಲ್ಲ. ಮೈ ಚರ್ಮವೂ ಹಾಗೇ. ಮೊಣಕಾಲ ಕೆಳಗೆ ಉಗುರಿನಿಂದ ಗೆರೆ ಎಳೆದರೆ ಬಿಳಿ ಹಿಟ್ಟು ಉದುರುತ್ತಿತ್ತು. ಮುಖ ಉಬ್ಬಿತು, ಅರಿಸಿನ ತೊಳೆಯದೆ ಬಿಟ್ಟಂತೆ ಹಳದಿಯಾಯಿತು. ದನಿ ಗಂಡಸಿನ ದನಿಯಾಯಿತು. ಸರೋಜಾ ಆ ದನಿಗೆ ಮೊದಲು ಬೆದರಿ, ಆಮೇಲೆ ಅದಕ್ಕೂ ಹೊಂದಿಕೊಂಡು ನಕ್ಕಳು. ಹಾಡುವುದನ್ನು ನಾನೇ ಬಿಟ್ಟೆ.

ಇದಕ್ಕಿಂತ ಕಷ್ಟವಾದದ್ದು ಇನ್ನೊಂದಿತ್ತು. ಅದನ್ನು ಹೇಗೆ ಹೇಳಬೇಕೋ ತಿಳಿಯದು. ನಾನು ನಿಧಾನವಾಗಿಬಿಟ್ಟೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಒಳಗೆ ಇರುತ್ತಿತ್ತು, ಆದರೆ ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡುತ್ತಿದ್ದೆ, ಇಳಿಸಬೇಕೆಂದೂ ಗೊತ್ತಿರುತ್ತಿತ್ತು, ಕೈ ಹೋಗುವಷ್ಟರಲ್ಲಿ ಉಕ್ಕಿ ಮುಗಿದಿರುತ್ತಿತ್ತು. ಅತ್ತೆ ಇದನ್ನು ಸೊಕ್ಕು ಎಂದುಕೊಂಡರು. ಇಂಗ್ಲಿಷ್ ಕಲಿತವಳ ಸೊಕ್ಕು.

ಮೊದಲು ಕಂಡುಹಿಡಿದದ್ದು ಬಳೆಗಾರ ಚಾಚಾ. ಓಣಿಯ ಎಲ್ಲ ಹೆಂಗಸರ ಕೈ ಹಿಡಿದು ನೋಡಿದವರು ಅವರೊಬ್ಬರೇ. ಶ್ರಾವಣಕ್ಕೆ ಬಳೆ ಇಡಿಸಲು ಕುಳಿತಾಗ ನನ್ನ ಹಳೆಯ ಅಳತೆ ಬೆರಳ ಗೆಣ್ಣು ದಾಟಲಿಲ್ಲ. ಎರಡು ಅಳತೆ ದೊಡ್ಡದು ತೆಗೆದರು. ಕೈಯನ್ನು ಒತ್ತಿ ಒತ್ತಿ ಮೆತ್ತಗೆ ಮಾಡುತ್ತಿದ್ದವರು ಮುಖ ನೋಡಿದರು, ಕೈ ಬಿಟ್ಟರು. ‘ಬೇಟಿ, ಹುಬ್ಬಿನ ಬಾಲ ಎಲ್ಲಿ ಹೋಗ್ಯಾದ?’ ಎಂದರು. ನಾನು ಮೂಗಿನ ಕಡೆಯಿಂದ ಹುಬ್ಬು ಸವರಿಕೊಂಡೆ. ಅರ್ಧ ಹುಬ್ಬಿಗೆ ಬೆರಳು ಬರಿ ಚರ್ಮಕ್ಕೆ ಬಂತು. ಚಾಚಾ ಬಳೆಯ ಮಲಾರ ಕಟ್ಟಿಕೊಂಡು ಎದ್ದರು. ಅತ್ತೆಯನ್ನು ಹೊರಗೆ ಕರೆದು ಹಕೀಮರಿಗೆ ತೋರಿಸಿರಿ ಎಂದಷ್ಟೇ ಹೇಳಿದರಂತೆ. ಒಳ್ಳೆಯ ಮನುಷ್ಯ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹುಬ್ಬು ಉದುರಿ, ಮುಖ ಉಬ್ಬಿ, ಕೈ ಜೋಮು ಹಿಡಿದರೆ ಅದೇನೆಂದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ದೊಡ್ಡ ರೋಗ. ಕುಷ್ಠ ಎಂದು ಯಾರೂ ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ.

ಹಕೀಮರು ನನ್ನ ಕಣ್ಣಿಗೆ ಬಟ್ಟೆ ಕಟ್ಟಿಸಿದರು. ಸೂಜಿ ಚುಚ್ಚುತ್ತೇನೆ, ತಾಗಿದಾಗ ಹೇಳು ಎಂದರು. ಅವರು ಚುಚ್ಚಿದ್ದು ನನಗೆ ತಿಳಿಯಿತು. ಪ್ರತಿಯೊಂದೂ ತಿಳಿಯಿತು. ಆದರೆ ‘ಹಾಂ’ ಎಂದು ನನ್ನ ನಾಲಿಗೆ ಹೇಳುವಷ್ಟರಲ್ಲಿ ಅವರು ಸೂಜಿ ಎತ್ತಿ ಮುಂದಿನ ಜಾಗಕ್ಕೆ ಹೋಗಿರುತ್ತಿದ್ದರು. ಚುಚ್ಚಿದಾಗ ಸುಮ್ಮನಿದ್ದೆ, ಚುಚ್ಚದೆ ಇದ್ದಾಗ ಹಾಂ ಅಂದೆ. ಬಟ್ಟೆ ಬಿಚ್ಚಿದಾಗ ಅತ್ತೆ ಗೋಡೆಗೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರು. ನನಗೆ ತಾಗಿತ್ತು, ಎಲ್ಲವೂ ತಾಗಿತ್ತು ಎಂದು ನಾನು ಹೇಳಿದ್ದು ಮನೆಗೆ ಮರಳುವ ದಾರಿಯಲ್ಲಿ. ಆಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅವತ್ತಿನಿಂದ ಹಿತ್ತಲ ಕಡೆಯ ಕೋಣೆ ನನ್ನದಾಯಿತು. ಅದು ಮೊದಲು ಕುಳ್ಳು, ಕಟ್ಟಿಗೆ ಇಡುತ್ತಿದ್ದ ಕೋಣೆ. ಒಂದು ತಟ್ಟೆ, ಒಂದು ತಂಬಿಗೆ, ಒಂದು ಚಾಪೆ. ಯಾರೂ ಕೆಟ್ಟ ಮಾತು ಆಡಲಿಲ್ಲ, ಅದನ್ನು ಹೇಳಲೇಬೇಕು. ಅತ್ತೆ ರೊಟ್ಟಿ ಬಿಸಿಯಿರುವಾಗಲೇ ತಂದು ಹೊಸ್ತಿಲಲ್ಲಿ ಇಡುತ್ತಿದ್ದರು, ಜೊತೆಗೆ ನನಗೆ ಸೇರುವ ಪುಂಡಿಪಲ್ಯ. ಇಟ್ಟು ಹೋಗದೆ ನಾನು ಮೊದಲ ತುತ್ತು ಮುರಿಯುವವರೆಗೆ ಅಂಗಳದಲ್ಲಿ ನಿಂತಿರುತ್ತಿದ್ದರು. ಆದರೆ ಸರೋಜಾಳನ್ನು ತರಲಿಲ್ಲ. ಆಕೆ ಪಡಸಾಲೆಯಲ್ಲಿ ಅಳುವುದು ನನಗೆ ಕೇಳುತ್ತಿತ್ತು. ಎದೆ ಕಟ್ಟಿ ಮೂರು ದಿನ ಜ್ವರ ಬಂತು. ಹಾಲು ಮೊದಲೇ ಕಡಿಮೆಯಿತ್ತು. ನಾಲ್ಕನೆಯ ದಿನಕ್ಕೆ ಬತ್ತಿತು.

ವಾರದ ಮೇಲೆ ಶಹಾಪುರದಿಂದ ನೀಲಕ್ಕ ಬಂದರು. ನನ್ನ ಗಂಡನ ಅಕ್ಕ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿರಲಿಲ್ಲ. ಬಟ್ಟೆ ಅಂಗಡಿಯ ಮನೆ, ಉಣ್ಣುವುದಕ್ಕೆ ಉಡುವುದಕ್ಕೆ ಕೊರತೆಯಿಲ್ಲ. ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಅದಕ್ಕೆ ನಾನು ಒಪ್ಪಿದೆ. ರೋಗದ ಮನೆಯಲ್ಲಿ ಮಗು ಇರಬಾರದೆಂದು ನನಗೂ ಅನಿಸಿತ್ತು. ಆ ಹೊತ್ತಿಗೆ ನಾನೂ ಅದು ಅದೇ ರೋಗವೆಂದು ನಂಬಿದ್ದೆ.

ಹೊರಡುವ ದಿನ ಬೆಳಿಗ್ಗೆ ಮನೆಗೆ ಮಠದ ಅಯ್ಯನವರನ್ನು ಕರೆಸಿದ್ದರು. ನೀಲಕ್ಕ ಹೊಸ ಇಳಕಲ್ ಸೀರೆ ಉಟ್ಟು ಮಣೆಯ ಮೇಲೆ ಕುಳಿತು ಸೆರಗು ಹಾಸಿದ್ದರು. ಸೆರಗಿನಲ್ಲಿ ಜೋಳ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ನಾನು ಮುಟ್ಟುವ ಹಾಗಿರಲಿಲ್ಲ, ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅತ್ತೆಯೇ ಸರೋಜಾಳನ್ನು ಎತ್ತಿ ಆ ಸೆರಗಿನಲ್ಲಿ ಕೂಡಿಸಿದರು. ಸರೋಜಾ ಕೊಬ್ಬರಿ ಬಟ್ಟಲು ಬಾಯಿಗೆ ಹಾಕಿಕೊಂಡಳು. ಅತ್ತೆ ನನ್ನ ಕಡೆ ತಿರುಗಿ, ‘ಕೊಟ್ಟೀನಿ ಅನ್ನು, ವಿಮಲಾ. ಮೂರು ಸಲ. ರೋಗದ ಋಣ ಹರಿದುಹೋಗ್ತದ, ಕೂಸಿಗಿ ತಾಗಂಗಿಲ್ಲ’ ಎಂದರು.

ನಾನು ಊರಲ್ಲಿ ಬೆಳೆದವಳಲ್ಲ. ಉಡಿಯಲ್ಲಿ ಹಾಕಿ ಕೊಟ್ಟೆ ಎಂದರೆ ಅದು ಏನು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾನ್ವೆಂಟಿನಲ್ಲಿ ನಾವು ದಿನಕ್ಕೆ ಎಷ್ಟೋ ಪ್ರಾರ್ಥನೆಗಳನ್ನು ಅರ್ಥ ಕೇಳದೆ ಮೂರು ಮೂರು ಸಲ ಹೇಳುತ್ತಿದ್ದೆವು. ಇದೂ ಅಂಥದ್ದೇ ಒಂದು ಶಾಸ್ತ್ರ ಎಂದುಕೊಂಡೆ. ಆ ಒಡಕು ದನಿಯಲ್ಲಿ ಕೊಟ್ಟೆ, ಕೊಟ್ಟೆ, ಕೊಟ್ಟೆ ಎಂದೆ. ನೀಲಕ್ಕನ ಕಣ್ಣಲ್ಲಿ ನೀರು ಬಂತು. ಯಾಕಿಷ್ಟು ಅಳುತ್ತಾರೆ, ವಾಸಿಯಾದ ಮೇಲೆ ಕರೆದುಕೊಂಡು ಬರುತ್ತೇನಲ್ಲ ಎಂದು ಅನಿಸಿತು. ಅದನ್ನು ಹೇಳಬೇಕೆಂದು ಬಾಯಿ ತೆರೆದಾಗ ಎತ್ತಿನ ಗಾಡಿ ಓಣಿಯ ತಿರುವಿನಲ್ಲಿತ್ತು.

ಒಂದೂವರೆ ವರ್ಷ ಆ ಕೋಣೆಯಲ್ಲಿದ್ದೆ. ಗಂಡ ದಿನಾ ಸಂಜೆ ಬಂದು ಹೊಸ್ತಿಲಾಚೆ ಕುಳಿತು ತಿದ್ದಿದ ಪಾಟಿಯನ್ನು ದೂರದಿಂದ ತೋರಿಸುತ್ತಿದ್ದರು. ತಪ್ಪಿದ್ದರೆ ನಾನು ಹೇಳುತ್ತಿದ್ದೆ. ಆಸ್ಪತ್ರೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರೋಗ ಊರಿಗೆ ಗೊತ್ತಾದರೆ ಹೊಸ ಸರಕಾರ ನೌಕರಿ ತೆಗೆಯುತ್ತದೆ ಎಂದು ಅವರಿಗೆ ಯಾರೋ ಹೆದರಿಸಿದ್ದರು. ನನಗೆ ಹೆದರುವ ಶಕ್ತಿಯೂ ಇರಲಿಲ್ಲ. ನಿದ್ದೆ, ನಿದ್ದೆ. ಎಚ್ಚರವಿದ್ದಾಗ ಹುಬ್ಬಿಗೆ ಕಾಡಿಗೆ ತೀಡಿಕೊಳ್ಳುತ್ತಿದ್ದೆ. ನೋಡುವವರು ಯಾರೂ ಇಲ್ಲದಿದ್ದರೂ.

ಕೊನೆಗೆ ಒಂದು ದಿನ, ತಂದೆಗೆ ತಿಳಿಸಲು ಮನಸ್ಸಾಗದೆ, ಕಾನ್ವೆಂಟಿನ ನನ್ನ ಹಳೆಯ ಸಿಸ್ಟರ್ ಒಬ್ಬರಿಗೆ ಕಾರ್ಡು ಬರೆದೆ. ನಾಲ್ಕು ಸಾಲು ಬರೆಯಲು ಮೂರು ದಿನ ಹಿಡಿಯಿತು. ರೋಗದ ಹೆಸರು ಬರೆಯಲಿಲ್ಲ. ಚಳಿ, ಕೂದಲು, ಹುಬ್ಬು, ದನಿ ಎಂದು ಬರೆದೆ. ಮರಳಿ ಬಂದ ಪತ್ರದಲ್ಲಿ ಅವರು ಸಮಾಧಾನ ಹೇಳಿರಲಿಲ್ಲ. ಕೂಡಲೇ ಹೈದರಾಬಾದಿಗೆ ಬಾ, ದೊಡ್ಡ ದವಾಖಾನೆಗೆ ತೋರಿಸು, ದನಿ ಒಡೆಯುವುದಕ್ಕೂ ಹುಬ್ಬಿಗೂ ಏನು ಸಂಬಂಧ ಎಂದು ನಾನೊಬ್ಬ ಡಾಕ್ಟರರನ್ನು ಕೇಳಿದ್ದೇನೆ, ಅವರು ನಿನ್ನನ್ನು ನೋಡಬೇಕು ಅನ್ನುತ್ತಾರೆ ಎಂದಿತ್ತು. ಗಂಡನಿಗೆ ಓದಿ ಹೇಳಿದೆ. ಅವರು, ‘ಯಾದಗಿರಿಗಿ ಬಸ್ಸಿನ್ಯಾಗ ಹೋಗೋಣು, ಅಲ್ಲಿಂದ ರೈಲು ಹಿಡಿಯೋಣು. ಮುಖದ ಮ್ಯಾಲ ಸೆರಗ ಎಳಕೋ’ ಎಂದರು. ಅತ್ತೆಗೆ ತೌರಿಗೆ ಹೋಗುವುದಾಗಿ ಹೇಳಿದೆವು.

ದವಾಖಾನೆಯಲ್ಲಿ ಚರ್ಮದ ವಿಭಾಗದ ಹೊರಗೆ ಎರಡು ಸಾಲುಗಳಿದ್ದವು. ಚೀಟಿ ಬರೆಯುವವನು ನನ್ನ ಮುಖ ನೋಡಿ ಬೇವಿನ ಮರದ ಕೆಳಗಿನ ಸಾಲಿಗೆ ಕೈ ತೋರಿಸಿದ. ಅಲ್ಲಿದ್ದವರೆಲ್ಲ ದೊಡ್ಡ ರೋಗದವರು. ಬೆರಳಿಲ್ಲದ ಕೈ, ಚಪ್ಪಟೆಯಾದ ಮೂಗು, ಚಿಂದಿ ಸುತ್ತಿದ ಪಾದ. ನನ್ನ ಪಕ್ಕದಲ್ಲಿ ನಾರಾಯಣಪೇಟೆ ಕಡೆಯ ಮುದುಕಿಯೊಬ್ಬಳು ಕುಳಿತಿದ್ದಳು. ನಾನು ನನ್ನ ಸೀರೆಯ ಅಂಚನ್ನು ಆಕೆಯಿಂದ ಎಳೆದುಕೊಂಡೆ. ಈ ಮಾತು ಬರೆಯಲು ನಾಚಿಕೆಯಾಗುತ್ತದೆ; ಒಂದೂವರೆ ವರ್ಷ ನನ್ನಿಂದ ಎಲ್ಲರೂ ದೂರ ಸರಿದದ್ದನ್ನು ಕಂಡವಳು ನಾನು. ಮುದುಕಿಗೆ ಗೊತ್ತಾಯಿತು. ಸಿಟ್ಟಾಗಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿದಳು.

‘ಬಿಸಲಾಗ ಕುಂತು ನಡುಗಾಕತ್ತಿಯಲ್ಲ, ಚಳಿ ಆಗಾಕತ್ತದೇನು?’

ಹೌದೆಂದೆ.

‘ಹಂಗಾದ್ರ ಈ ಸಾಲಿನ್ಯಾಗ ಯಾಕ ಕುಂತಿ? ನಮಗ ಚಳಿ ಬಿಸಿ ಎರಡೂ ಗೊತ್ತಾಗಂಗಿಲ್ಲವ್ವ. ನನ್ನ ಕೈಬೆರಳ ಒಲಿಯಾಗ ಸುಟ್ಟು ಹೋಗ್ಯಾವ, ವಾಸನಿ ಬಂದ ಮ್ಯಾಲ ನೋಡೀನಿ. ಒಳಗ ಹೋಗಿ ಚಳಿ ಆಗತದ ಅಂತ ಮೊದಲ ಹೇಳು.’

ಆಕೆ ಹೇಳಿದ ಹಾಗೆಯೇ ಮಾಡಿದೆ. ಒಳಗಿದ್ದ, ಸಿಸ್ಟರ್ ಹೇಳಿದ್ದ ಡಾಕ್ಟರಿಣಿ ಕಿವಿಯ ತುದಿಯಿಂದ ಸ್ವಲ್ಪ ಚರ್ಮ ಕೆತ್ತಿ ಗಾಜಿನ ಮೇಲೆ ಇಟ್ಟರು, ಅದು ಪರೀಕ್ಷೆಗೆ. ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಎದ್ದಿತು. ಇಳಿಯಲು ಮಾತ್ರ ಬಹಳ ಹೊತ್ತು ಮಾಡಿತು. ಅವರು ಇನ್ನೊಮ್ಮೆ ತಟ್ಟಿ, ಕಲಿಯುವ ಹುಡುಗಿಯರನ್ನು ಕರೆದು ತೋರಿಸಿದರು. ಅವರೆಲ್ಲ ನನ್ನ ಪಾದ ನಿಧಾನವಾಗಿ ಇಳಿಯುವುದನ್ನು ನೋಡುತ್ತ ನಿಂತರು. ನನ್ನ ನಿಧಾನವನ್ನು ಸೊಕ್ಕು ಎನ್ನದೆ ನೋಡಿದವರು ಅವರೇ ಮೊದಲು.

ಕಿವಿಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಡಾಕ್ಟರಿಣಿ ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು, ಇಲ್ಲಿ ಒಂದು ಸಣ್ಣ ಗ್ರಂಥಿ ಇದೆ, ಹೆರಿಗೆಯ ಮೇಲೆ ಅದು ಕೆಲಸ ಬಿಟ್ಟಿದೆ ಎಂದರು. ಅದು ಮಾಡುವ ರಸ ರಕ್ತಕ್ಕೆ ಬರದಿದ್ದರೆ ಮೈ ತಣ್ಣಗಾಗುತ್ತದೆ, ಕೂದಲು, ಚರ್ಮ, ಮಾತು ಎಲ್ಲವೂ ಸೊರಗುತ್ತವೆ. ಹಾರ್ಮೋನು ಎಂಬ ಪದವನ್ನು ನಾನು ಕೇಳಿದ್ದು ಅವತ್ತೇ ಮೊದಲು. ಇದು ಯಾರಿಗೂ ಅಂಟುವುದಿಲ್ಲ, ದಿನಾ ಗುಳಿಗೆ ತಗೋಬೇಕು, ಬದುಕಿರುವವರೆಗೆ ತಗೋಬೇಕು. ಆಮೇಲೆ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದರು: ನಿಮ್ಮ ಹಣೆಯ ವಿಭೂತಿ ನೋಡಿ ಹೇಳುತ್ತಿದ್ದೇನೆ, ಗುಳಿಗೆಯನ್ನು ಕುರಿಯ ಗಂಟಲ ಗ್ರಂಥಿಯಿಂದ ಮಾಡುತ್ತಾರೆ.

ನಾನು ಹೊರಗೆ ಬಂದಾಗ ಮುದುಕಿ ಇರಲಿಲ್ಲ. ಹೆಸರು ಕೇಳಿರಲಿಲ್ಲ.

ಅಂಟುರೋಗವಲ್ಲ ಎಂದು ಡಾಕ್ಟರಿಣಿ ಬರೆದುಕೊಟ್ಟ ಪತ್ರ ಇಂಗ್ಲಿಷಿನಲ್ಲಿತ್ತು. ಮನೆಗೆ ಬಂದು ಪಡಸಾಲೆಯ ಹೊಸ್ತಿಲಾಚೆ ನಿಂತು ಅತ್ತೆಗೆ ಓದಿ ಓದಿ ಕನ್ನಡದಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿದರು. ‘ರೋಗ ಇದ್ದಾಕಿನೇ ಓದಿ ರೋಗ ಇಲ್ಲ ಅಂದ್ರ ಹ್ಯಾಂಗ ನಂಬಲೆವಾ?’ ಎಂದರು. ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದು. ಮನೆಯಲ್ಲಿ ಆ ಪತ್ರ ಓದಬಲ್ಲವಳು ನಾನೊಬ್ಬಳೇ. ನನ್ನ ಗಂಡ ಅದನ್ನು ವಕೀಲರೊಬ್ಬರ ಹತ್ತಿರ ಒಯ್ದು ಉರ್ದುವಿನಲ್ಲಿ ಬರೆಸಿ ತಂದರು. ಅವರೇ ಅತ್ತೆಯ ಮುಂದೆ ಕುಳಿತು ಗಟ್ಟಿಯಾಗಿ ಓದಿದರು. ಅತ್ತೆ ಎದ್ದು ಹಿತ್ತಲಿಗೆ ಬಂದು, ನನ್ನ ತಟ್ಟೆಯನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ತಟ್ಟೆಗಳ ಸಾಲಿನಲ್ಲಿ ಇಟ್ಟರು.

ಕುರಿಯ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಓದಿದ್ದನ್ನು ನಂಬಿರಿ ಎಂದು ಅಂಗಲಾಚಿದವಳೇ ತಿಳಿದದ್ದನ್ನು ಮುಚ್ಚಿಟ್ಟೆ. ಅತ್ತೆ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಾವೇ ಗುಳಿಗೆ, ನೀರು ತಂದು ಕೊಡುತ್ತಿದ್ದರು. ಸಾಯುವವರೆಗೂ ಅವರಿಗೆ ಗೊತ್ತಾಗಲಿಲ್ಲ.

ಗುಳಿಗೆ ಶುರುವಾಗಿ ಐದು ವಾರಕ್ಕೆ ಒಂದು ಮಧ್ಯಾಹ್ನ ಒಲೆಯ ಮುಂದೆ ಕುಳಿತಾಗ ಮೇಲ್ತುಟಿಯ ಮೇಲೆ ಏನೋ ಹರಿದಂತಾಯಿತು. ಇರುವೆಯೇನೋ ಎಂದು ಒರೆಸಿದೆ. ಬೆವರು. ಎರಡು ವರ್ಷದಲ್ಲಿ ಮೊದಲ ಬೆವರು. ನಾಲಿಗೆ ಚಾಚಿ ನೆಕ್ಕಿ ನೋಡಿದೆ, ಉಪ್ಪು. ಅಲ್ಲೇ ಕುಳಿತು ಅತ್ತುಬಿಟ್ಟೆ. ರೊಟ್ಟಿ ಹೊತ್ತತೊಡಗಿತು, ಈ ಸಲ ಅದು ಹೊತ್ತುವುದು ಸಮಯಕ್ಕೆ ಸರಿಯಾಗಿ ಗೊತ್ತಾಗಿ ತಿರುವಿದೆ. ಆಮೇಲೆ ನೆತ್ತಿಯ ಮೇಲೆ ಕೂಸಿನ ಕೂದಲಿನಂಥ ನವಿರು ಬಂತು. ಹುಬ್ಬಿನ ಬಾಲ ಕಡೆಗೆ ಬಂತು, ಪೂರ್ತಿ ಬರಲೇ ಇಲ್ಲ. ಇದನ್ನು ಓದುವ ಯಾರಿಗಾದರೂ ಕೂದಲ ಜೊತೆಗೆ ಮೈ ತಣ್ಣಗಾಗಿ ದನಿ ಒಡೆದಿದ್ದರೆ, ಮನೆಯಲ್ಲಿ ಕುಳಿತು ಕಾಡಿಗೆ ತೀಡಬೇಡಿರಿ. ನಾನು ಹಾಗೆ ಮಾಡಿ ಕಳೆದುಕೊಂಡದ್ದು ಕೂದಲನ್ನಲ್ಲ.

ದನಿ ಪೂರ್ತಿ ತಿಳಿಯಾಗುವವರೆಗೆ ಕಾಯ್ದೆ. ಸರೋಜಾ ನನ್ನ ದನಿಗೆ ಮತ್ತೊಮ್ಮೆ ಬೆದರಬಾರದೆಂದು. ಆಮೇಲೆ ನಾನು, ಗಂಡ, ಅತ್ತೆ ಮೂವರೂ ಶಹಾಪುರಕ್ಕೆ ಹೋದೆವು. ಆಕೆಗೆ ಮೂರು ತುಂಬುತ್ತಿತ್ತು. ಪಡಸಾಲೆಯಲ್ಲಿ ಅರಿವೆಯ ತುಂಡುಗಳನ್ನು ಬಣ್ಣಬಣ್ಣವಾಗಿ ಹಾಸಿಕೊಂಡು ಅಂಗಡಿ ಆಟ ಆಡುತ್ತಿದ್ದಳು. ನನ್ನನ್ನು ನೋಡಿ, ಗಿರಾಕಿ ಎಂದುಕೊಂಡು, ಯಾವುದು ಬೇಕ್ರಿ ಎಂದು ಕೇಳಿದಳು. ಕೆಂಪು ತುಂಡನ್ನು ತೋರಿಸಿದೆ. ಅಳೆದು ಕೊಟ್ಟಳು.

ನೀಲಕ್ಕ ಉರ್ದು ಕಾಗದವನ್ನು ತಮ್ಮ ಗಂಡನಿಂದ ಓದಿಸಿ ಕೇಳಿದರು. ನನ್ನ ಕೈ ಹಿಡಿದರು, ಕೆನ್ನೆ ಸವರಿದರು, ದೇವರು ಕಣ್ಣು ತೆರೆದ ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಊಟಕ್ಕೆ ಹೋಳಿಗೆ ಮಾಡಿದರು. ಊಟವಾದ ಮೇಲೆ ನಾನು ಸರೋಜಾಳನ್ನು ಕರೆದುಕೊಂಡು ಹೋಗುವ ಮಾತು ತೆಗೆದೆ. ನೀಲಕ್ಕ ಅತ್ತೆಯ ಮುಖ ನೋಡಿದರು. ಅತ್ತೆ ತಲೆ ತಗ್ಗಿಸಿದರು.

‘ಆಕಿಗಿ ನೀನು ಹೇಳಿಲ್ಲೇನವ್ವ?’ ಎಂದು ನೀಲಕ್ಕ ತಾಯಿಯನ್ನು ಕೇಳಿದರು.

ಅತ್ತೆ ಬಹಳ ಮೆಲ್ಲಗೆ, ‘ಆವಾಗ ಆಕಿ ಉಳಿತಾಳಂತ ಯಾರು ತಿಳಕೊಂಡಿದ್ರು’ ಎಂದರು.

ಆಗ ನನಗೆ ಎಲ್ಲ ತಿಳಿಯಿತು. ಉಡಿಯಲ್ಲಿ ಹಾಕಿ, ಅಯ್ಯನವರ ಮುಂದೆ, ಹೆತ್ತವಳ ಬಾಯಿಂದ ಮೂರು ಸಲ ಕೊಟ್ಟೆ ಎಂದ ಮೇಲೆ ಅದು ದತ್ತು. ಮರಳಿ ಕೇಳಿದರೆ ಎರಡೂ ಮನೆಗೆ ಕೇಡು, ಕೂಸಿಗೆ ಕೇಡು ಎಂಬ ನಂಬಿಕೆ. ನನಗೆ ಗೊತ್ತಿರಲಿಲ್ಲ ಎಂದೆ. ಮೈಯಲ್ಲಿ ನೆಟ್ಟಗಿರಲಿಲ್ಲ, ಯಾರೂ ಬಿಡಿಸಿ ಹೇಳಲಿಲ್ಲ ಎಂದೆ. ಈಗ ಮಾತುಗಳು ಸರಸರನೆ ಬರುತ್ತಿದ್ದವು.

ನೀಲಕ್ಕ ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಜಗಳವಾಡಲು ಬರುತ್ತಿತ್ತು. ‘ವಿಮಲಾ, ಆ ಚೀಟಿ ಖರೇ ಅದ. ನಿನ್ನ ಮಾತೂ ಖರೇ ಅದ. ನಾ ತಡಿಯಂಗಿಲ್ಲ. ಕೂಸಿನ್ನ ಅಳಸದ ಕರಕೊಂಡು ಹೋಗ್ತಿದ್ರ ಕರಕೊಂಡು ಹೋಗು’ ಎಂದು ಹೇಳಿ ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ.

ಸರೋಜಾಳನ್ನು ಎತ್ತಿಕೊಂಡೆ. ಅಂಗಳದವರೆಗೆ ಸುಮ್ಮನಿದ್ದಳು. ಹೊರಬಾಗಿಲು ದಾಟುವಾಗ ಹಿಂದೆ ತಿರುಗಿ ಅವ್ವಾ ಎಂದಳು. ಒಳಗಿನಿಂದ ಯಾರೂ ಬರಲಿಲ್ಲ. ಮತ್ತೊಮ್ಮೆ ಕರೆದಳು. ಆಮೇಲೆ ಅತ್ತಳಲ್ಲ, ಅದು ಅಳು ಅಲ್ಲ. ಉಸಿರು ಹಿಡಿದು ತುಟಿ ನೀಲಿಯಾಗಿ ಮೈ ಸೆಟೆಯಿತು. ನನ್ನ ಗಂಡ ಬೆನ್ನು ಚಪ್ಪರಿಸಿದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂಡಿಸಿದೆ. ಇಳಿದವಳೇ ಓಡಿದಳು. ಒಳಗೆ ನೀಲಕ್ಕ ಆಕೆಯನ್ನು ಎತ್ತಿಕೊಂಡು ಅಳುವ ಸದ್ದು ಕೇಳಿತು. ನಾಲ್ಕು ದಿನ ಬಿಟ್ಟು ಬರೋಣ ಎಂದು ಗಂಡ ಹೇಳಿದರು. ಹೂಂ ಎಂದೆ. ಆ ನಾಲ್ಕು ದಿನ ಮುಗಿಯಲೇ ಇಲ್ಲ.

ಮುಂದೆ ನನಗೆ ಮಕ್ಕಳಾಗಲಿಲ್ಲ. ಕಚೇರಿಗೆ ಕನ್ನಡ ಬಂತು, ಹೊಸ ರಾಜ್ಯವಾಯಿತು, ನನ್ನ ಗಂಡ ದುಂಡಗಿನ ಅಕ್ಷರದಲ್ಲಿ ಟಿಪ್ಪಣಿ ಬರೆಯುವವರಾದರು. ಸರೋಜಾ ಹಬ್ಬಹುಣ್ಣಿಮೆಗೆ ನೀಲಕ್ಕನ ಜೊತೆ ಬರುತ್ತಿದ್ದಳು. ನನ್ನನ್ನು ಅತ್ತಿ ಅನ್ನುತ್ತಿದ್ದಳು, ಸೋದರಮಾವನ ಹೆಂಡತಿಯನ್ನು ಅನ್ನುವ ಹಾಗೆ. ಆಕೆಗೆ ಯಾರೂ ಹೇಳಲಿಲ್ಲ. ನಾನಂತೂ ಹೇಳಲಿಲ್ಲ. ಓಣಿಯವರ ಬಾಯಿಂದ ಗೊತ್ತಾಗಿತ್ತೋ ಏನೋ, ಆಕೆ ಯಾವತ್ತೂ ಕೇಳಲಿಲ್ಲ. ಶಹಾಪುರದಲ್ಲೇ ಮದುವೆಯಾಯಿತು. ಕನ್ಯಾದಾನ ನೀಲಕ್ಕ ಮತ್ತು ಅವರ ಯಜಮಾನರು ಮಾಡಿದರು. ನಾನು ಬಡಿಸಿದೆ.

ಮೊದಲ ಹೆರಿಗೆಯಾಗಿ ಐದಾರು ತಿಂಗಳಿಗೆ ನೀಲಕ್ಕನಿಂದ ಕಾಗದ ಬಂತು. ಸರೋಜಾಳ ಕೂದಲು ಉದುರುತ್ತಿದೆ, ಕೈಗಳು ಒರಟಾಗಿವೆ, ಯಾವಾಗಲೂ ಹೊದ್ದುಕೊಂಡು ಕೂಡುತ್ತಾಳೆ, ನೀನು ಬಂದು ನೋಡು ಎಂದಿತ್ತು. ಹೋದೆ. ಆಕೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ಹುಬ್ಬಿನ ಮೇಲೆ ಬೆರಳು ಎಳೆದೆ. ಬೆಳೆದ ಮೇಲೆ ಆಕೆಯ ಮುಖವನ್ನು ನಾನು ಮುಟ್ಟಿದ್ದು ಅದೇ ಮೊದಲು. ಮರುದಿನವೇ ಬಸ್ಸು ಹಿಡಿದು ಗುಲಬರ್ಗಾಕ್ಕೆ ಕರೆದುಕೊಂಡು ಹೋದೆ. ಕೂಸೂ ಜೊತೆಗಿತ್ತು. ನೀಲಕ್ಕನಿಗೆ ಮಂಡಿನೋವು, ಬರಲಾಗಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ಎಲ್ಲ ನೋಡಿ, ಈ ತೊಂದರೆ ಹೆಚ್ಚಾಗಿ ಮನೆತನದಲ್ಲಿ ಬರುತ್ತದೆ, ತಾಯಿಗೆ ಇತ್ತೇನಮ್ಮ ಎಂದು ಕೇಳಿದರು.

‘ಅವ್ವಗ ಇಲ್ರಿ. ಅವ್ವನ ಕೂದಲಾ ಈಗೂ ಚೊಲೊ ಅದಾವ’ ಎಂದಳು ಸರೋಜಾ.

ಡಾಕ್ಟರು ಇಲ್ಲ ಎಂದು ಬರೆಯಲು ಪೆನ್ನು ಊರಿದರು.

‘ತಾಯಿಗಿ ಅದರಿ’ ಎಂದೆ ನಾನು. ‘ಇಪ್ಪತ್ತೆರಡು ವರ್ಷದಿಂದ ಗುಳಿಗಿ ತಗೋತೀನಿ.’

ಅವರು ನನ್ನನ್ನು ನೋಡಿದರು, ಆಕೆಯನ್ನು ನೋಡಿದರು, ಬರೆದುಕೊಂಡರು. ಸರೋಜಾ ಕೂಸಿನ ಕುಲಾವಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಗುಳಿಗೆ ಕೊಡುವ ಕಿಟಕಿಯ ಮುಂದೆ ಬೆಂಚಿನ ಮೇಲೆ ನಾವು ಬಹಳ ಹೊತ್ತು ಕಾಯಬೇಕಾಯಿತು. ಕೂಸು ಆಕೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನನ್ನ ಹೆಸರು ಕರೆಯುತ್ತಾರೋ ಆಕೆಯ ಹೆಸರು ಕರೆಯುತ್ತಾರೋ ಎಂಬಂತೆ ಇಬ್ಬರೂ ಕಿಟಕಿಯನ್ನೇ ನೋಡುತ್ತಿದ್ದೆವು. ಆಕೆ ಮುಖ ತಿರುಗಿಸದೆ ಕೇಳಿದಳು.

‘ಅತ್ತಿ, ಕೂಸಿನ್ನ ನನ್ನ ಕಡಿಯಿಂದ ತಗೋತಾರೇನ್ರಿ?’

ಆಕೆಗೆ ಎಲ್ಲ ಗೊತ್ತಿತ್ತು. ಯಾವಾಗಿನಿಂದ ಗೊತ್ತಿತ್ತೋ.

‘ಯಾರೂ ತಗೊಳ್ಳಂಗಿಲ್ಲವ್ವ’ ಎಂದೆ. ‘ಯಾರು ಬಂದು ಏನು ಅನ್ನು ಅಂದ್ರೂ ನೀ ಏನೂ ಅನಬ್ಯಾಡ.’

ಆಕೆ ತಲೆಯಾಡಿಸಿ ಕೂಸನ್ನು ಎದೆಗೆ ಸರಿಯಾಗಿ ಎಳೆದುಕೊಂಡಳು. ಗುಳಿಗೆಯನ್ನು ಹೇಗೆ ತೆಗೆದುಕೊಳ್ಳಬೇಕು, ಬೆವರು ಯಾವಾಗ ಬರುತ್ತದೆ, ಕೂದಲು ಯಾವಾಗ ಬರುತ್ತದೆ ಎಂದು ದಾರಿಯುದ್ದಕ್ಕೂ ನಾನು ಹೇಳಿದೆ. ಆಕೆ ಕೇಳಿಸಿಕೊಂಡಳು. ಶಹಾಪುರದಲ್ಲಿ ಬಸ್ಸು ನಿಂತಾಗ ನೀಲಕ್ಕ ಕೋಲು ಊರಿಕೊಂಡು ನಿಲ್ದಾಣಕ್ಕೇ ಬಂದಿದ್ದರು. ಸರೋಜಾ ಕೂಸನ್ನು ಎತ್ತಿಕೊಂಡು ಇಳಿದಳು. ನನ್ನ ಟಿಕೀಟು ಸುರಪುರದವರೆಗೆ ಇತ್ತು.